ಉಳಿದುಹೋದ ಸಮಾಧಾನಕರ ಬಹುಮಾನ

ಶಾಲೆಯೊಂದರ ಇತಿಹಾಸ ಹೇಳುವ ಕೆಲಸವನ್ನು ಅಲ್ಲಿ ಇನ್ನೂ ಸಂಬಳ ತೆಗೆದುಕೊಳ್ಳುತ್ತಿರುವವನಿಗೆ ಒಪ್ಪಿಸಬಾರದು. ಅವನಿಗೆ ಹೊಗಳುವುದೂ ಕಷ್ಟ, ಅಳುವುದೂ ಕಷ್ಟ. ಪುಣೆಯ ಖಡಕಿಯ ಆಚೆಗಿರುವ ನಮ್ಮ ಸರಕಾರಿ ಪ್ರೌಢಶಾಲೆಯ ಕನ್ನಡ ವಿಭಾಗ ಈ ವರ್ಷ ಮುಚ್ಚುತ್ತಿದೆ. ಹತ್ತನೆಯ ತರಗತಿಯಲ್ಲಿ ಮೂವರು ಮಕ್ಕಳಿದ್ದಾರೆ. ಉಳಿದ ತರಗತಿಗಳಲ್ಲಿ ಬೆಂಚುಗಳಿವೆ. ಮಕ್ಕಳು ಕಡಿಮೆಯಾದರು, ಆದ್ದರಿಂದ ನಾನು ಹೆಚ್ಚಾದೆ. ಸರಕಾರದ ಭಾಷೆಯಲ್ಲಿ ನಾನೀಗ ‘ಹೆಚ್ಚುವರಿ ಶಿಕ್ಷಕ’. ಜೂನ್‌ನಿಂದ ಯಾವುದೋ ಕಚೇರಿಯಲ್ಲಿ ಕೂರಿಸುತ್ತಾರಂತೆ. ಇಂಥವನಿಗೆ ಮುಖ್ಯಾಧ್ಯಾಪಕಿಯವರು, ಕೊನೆಯ ಗ್ಯಾದರಿಂಗ್‌ನಲ್ಲಿ ವಿಭಾಗದ ಇತಿಹಾಸ ಹೇಳಿ ಬಹುಮಾನವನ್ನೂ ಹಂಚಿಬಿಡಿ ಎಂದರು. ವಾರ್ಷಿಕೋತ್ಸವಕ್ಕೆ ಇಲ್ಲಿ ಎಲ್ಲರೂ ಗ್ಯಾದರಿಂಗ್ ಎಂದೇ ಅನ್ನುವುದು.

ಇತಿಹಾಸವೇನೋ ದೊಡ್ಡದೇ. ಮದ್ದುಗುಂಡಿನ ಕಾರ್ಖಾನೆಯ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ಬಂದವರ ಮಕ್ಕಳಿಗಾಗಿ ಶುರುವಾದ ವಿಭಾಗ ಇದು. ನಾನು ಸೇರಿದಾಗ ಗ್ಯಾದರಿಂಗ್ ನೋಡಲು ಜನ ಕಂಪೌಂಡಿನ ಮೇಲೆ ಕೂರುತ್ತಿದ್ದರು. ಅವರ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಗಳಿಗೆ ಹೋದ ಮೇಲೆ ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ನಮ್ಮ ಕೈ ಹಿಡಿದರು. ಆದರೆ ಅಪಾರ್ಟ್‌ಮೆಂಟ್ ಮುಗಿದೊಡನೆ ಅವರು ಬೇರೆ ಸೈಟಿಗೆ ಗಂಟುಮೂಟೆ ಕಟ್ಟುತ್ತಿದ್ದರು. ಹಾಗಾಗಿ ಊರಲ್ಲಿ ಯಾವುದೇ ಕಟ್ಟಡಕ್ಕೆ ಬಣ್ಣ ಬಳಿಯುವುದನ್ನು ಕಂಡರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಮೂವರೇ ಉಳಿದರೂ ನಾವು ಯಾವ ಕಾರ್ಯಕ್ರಮವನ್ನೂ ಬಿಡಲಿಲ್ಲ. ನಾಟಕದಲ್ಲಿ ಒಬ್ಬ ರಾಜ, ಒಬ್ಬ ಮಂತ್ರಿ, ಒಬ್ಬಳು ರಾಣಿ, ಪ್ರಜೆಗಳೆಲ್ಲ ನಾನೊಬ್ಬನೇ. ದಂಗೆ ಏಳುವ ದೃಶ್ಯದಲ್ಲಿ ನನಗೆ ಭಾಳ ದಣಿವಾಯಿತು. ಓಟದ ಸ್ಪರ್ಧೆಯಲ್ಲಿ ಒಬ್ಬ ಚಪ್ಪಲಿ ಕಿತ್ತುಹೋಯಿತೆಂದು ನಡುವೆಯೇ ಕೂತ; ಎದ್ದು ಕುಂಟುತ್ತ ಬಂದರೂ ಮೂರನೆಯವನಾದ. ತರಗತಿಯಲ್ಲೂ ನನ್ನ ಹಳೆಯ ಹಟ ಬಿಟ್ಟಿರಲಿಲ್ಲ. ಯಾರೇ ಒಂದೇ ಪದದಲ್ಲಿ ಉತ್ತರಿಸಿದರೂ, “ಪೂರ್ಣ ವಾಕ್ಯದಾಗ ಹೇಳ್ರಿ” ಎಂದು ಪೀಡಿಸುತ್ತಿದ್ದೆ.

ಬಹುಮಾನದ ವಿಷಯದಲ್ಲಿ ನಮ್ಮದೊಂದು ಪದ್ಧತಿ ಇತ್ತು. ಗ್ಯಾದರಿಂಗ್ ದಿನ ಯಾವ ಮಗುವೂ ಬರಿಗೈಯಲ್ಲಿ ಮನೆಗೆ ಹೋಗಬಾರದು. ಗೆದ್ದವರಿಗೆ ಡಬ್ಬಿ, ತಾಟು, ತಂಬಿಗೆ. ಏನೂ ಗೆಲ್ಲದವರಿಗೆ ‘ಸಮಾಧಾನಕರ ಬಹುಮಾನ’ ಎಂದು ಕೊರೆಸಿದ ಸ್ಟೀಲಿನ ಬಟ್ಟಲು. ಪಾತ್ರೆ ಅಂಗಡಿಯ ಮರಾಠಿ ಮನುಷ್ಯ ಆ ಅಕ್ಷರಗಳನ್ನು ಪ್ರತಿವರ್ಷ ನನ್ನ ಚೀಟಿ ನೋಡಿ ರಂಗೋಲಿ ಹಾಕಿದಂತೆ ಕೊರೆಯುತ್ತಿದ್ದ. ಈ ವರ್ಷವೂ ಅಭ್ಯಾಸಬಲದಿಂದ ಒಂದು ಬಟ್ಟಲು ಕೊರೆಸಿ ತಂದುಬಿಟ್ಟಿದ್ದೆ.

ಆ ದಿನ ಭಾಷಣ ಮಾಡುತ್ತ ನಾನು ಹಳೆಯ ಮಕ್ಕಳ ಹೆಸರುಗಳಿಗೆ ಬಂದು ಸಿಕ್ಕಿಕೊಂಡೆ. ಹಿಂದಿನಿಂದ ಮುಖ್ಯಾಧ್ಯಾಪಕಿಯವರು, “ಸರ್, ಆಟಪಾ ಆತಾ” ಎಂದು ಮೆಲ್ಲಗೆ ಮರಾಠಿಯಲ್ಲಿ, ಬೇಗ ಮುಗಿಸಲು ಹೇಳಿದರು. ಗಡಿಬಿಡಿಯಲ್ಲಿ ಓಟದ ಬಹುಮಾನ ಮೊದಲನೆಯದು, ಎರಡನೆಯದು, ಮೂರನೆಯದು ಹಂಚಿದೆ. ಆಮೇಲೆ ಮೈಕಿನಲ್ಲಿ ಗಟ್ಟಿಯಾಗಿ, “ಈಗ ಸಮಾಧಾನಕರ ಬಹುಮಾನ!” ಎಂದು ಕೂಗಿ ಬಟ್ಟಲು ಎತ್ತಿ ಹಿಡಿದೆ. ಯಾರೂ ಬರಲಿಲ್ಲ. ಬರಲು ಯಾರೂ ಉಳಿದಿರಲಿಲ್ಲ. ಮೂವರ ಕೈಯಲ್ಲೂ ಬಹುಮಾನವಿತ್ತು. ನೋಡಲು ಕೂತಿದ್ದ ಶಾಲೆಯ ಮರಾಠಿ ವಿಭಾಗದ ಮಕ್ಕಳು ಏನೋ ತಮಾಷೆ ಇರಬೇಕೆಂದು ನಕ್ಕರು.

ಆಗ ನಮ್ಮ ಭಾಗಮ್ಮ, ನಾಟಕದ ರಾಣಿ, ಎದ್ದು ವೇದಿಕೆಗೆ ಬಂದಳು. ಅವಳ ಅಪ್ಪ ಮಾರುಂಜಿಯ ಸೈಟಿನಲ್ಲಿ ಗಾರೆ ಕೆಲಸದವನು. ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, ನನಗೇ ಎರಡೂ ಕೈಯಿಂದ ಕೊಟ್ಟಳು.

“ಏನವಾ ಇದು?” ಎಂದೆ.

“ನಿಮಗ ಏನೂ ಬಂದಿಲ್ಲಲ್ರೀ ಸರ್. ನಮ್ಮ ಸಾಲ್ಯಾಗ ಯಾರೂ ಬರಿಗೈಲೆ ಮನಿಗಿ ಹೋಗಬಾರದಂತ ನೀವ ಹೇಳೀರಲ್ರೀ?”

ಮೈಕು ಚಾಲೂ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಳು ತಡೆಯಲಾಗಲಿಲ್ಲ. ಅದೂ ಮೈಕಿನಲ್ಲಿ ಕೇಳಿಸಿತು.

ಬಟ್ಟಲನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಸದಾಶಿವ ಪೇಠದ ಮನೆಗೆ ಬಂದೆ. ದಾರಿಯುದ್ದಕ್ಕೂ ಅದು ಖಣಖಣ ಅನ್ನುತ್ತಲೇ ಇತ್ತು. ಹೆಂಡತಿ ಅದನ್ನು ದೀಪಕ್ಕೆ ಹಿಡಿದು ಓದಿದಳು. ಅವಳು ಧಾರವಾಡದವಳು, ಮಾತು ನೇರ.

“ಸಮಾಧಾನಕರ ಬಹುಮಾನ? ಯಾವುದರಾಗ ಸೋತು ಬಂದ್ರಿ?”

ಬಾಗಿಲಲ್ಲೇ ನಿಂತೆ. ಇಷ್ಟು ವರ್ಷ ಮಕ್ಕಳಿಂದ ಪೂರ್ಣ ವಾಕ್ಯ ಕೇಳಿದವನಿಗೆ ಒಂದು ಪದವೂ ಹೊಳೆಯಲಿಲ್ಲ. ಅವಳು ಒಳಗೆ ಹೋಗಿ, ಅದೇ ಬಟ್ಟಲಿನಲ್ಲಿ ಮೊಸರು ಹಾಕಿ ತಂದು ಊಟಕ್ಕೆ ಕರೆದಳು.