ಸಕ್ಕರೆಯಿಲ್ಲದ ಕೇಕಿನ ಕಾರಹುಣ್ಣಿಮೆ

ಕಲಿತದ್ದನ್ನು ಕ್ರಮವಾಗಿ ಮಾಡಲು ನಾನು ಹೊರಟಾಗಲೆಲ್ಲ ಯಾರಾದರೊಬ್ಬರು ಅದನ್ನು ನಗೆಪಾಟಲು ಮಾಡುವುದು ಚನ್ನಗಿರಿಯ ನಮ್ಮ ಮನೆಯಲ್ಲಿ ವಾಡಿಕೆಯಾಗಿತ್ತು. ಎಪ್ಪತ್ತರ ದಶಕದ ಕೊನೆಯ ಒಂದು ಕಾರಹುಣ್ಣಿಮೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆಯೆಂದು ಗೊತ್ತಾಗಿ ಡಾಕ್ಟರು ಸಿಹಿ ಬಿಡಿಸಿದ್ದರು. ಸಿಹಿಯಿಲ್ಲದ ಎಲೆಗೆ ತಾವು ಕೂರುವುದಿಲ್ಲವೆಂದು ಅವರು ಹಬ್ಬಕ್ಕೆ ಮೊದಲೇ ತಿಳಿಸಿಬಿಟ್ಟರು. ಹಿರಿಯರು ಕೂರದೆ ಮನೆಯಲ್ಲಿ ಬೇರೆ ಯಾರೂ ಉಣ್ಣುವಂತಿಲ್ಲ. ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಸಿಸ್ಟರ್ ಕಲಿಸಿದ್ದ ಚೀಸ್‌ಕೇಕನ್ನು ಸಕ್ಕರೆ, ಮೈದಾ, ಮೊಟ್ಟೆ ಮೂರನ್ನೂ ಬಿಟ್ಟು ಮಾಡಲು ನಿರ್ಧರಿಸಿದೆ.

೧. ಕಟ್ಟಿದ ಮೊಸರು

ಚೀಸ್ ನಮ್ಮೂರಿನಲ್ಲಿ ಸಿಗುತ್ತಿರಲಿಲ್ಲ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ನೀರು ಬಸಿಯಲೆಂದು ಗೂಟಕ್ಕೆ ತೂಗುಹಾಕಿದೆ. ಬಟ್ಟೆ ಅರಿಶಿನ ಬಣ್ಣದ್ದು. ಗೂಟ ದೇವರ ಜಗಲಿಯ ಪಕ್ಕದ್ದು. ಹೆಪ್ಪು ಕೇಳಲು ಬಂದ ನೆರೆಮನೆಯಾಕೆ ಅದನ್ನು ಹರಕೆಯ ಮುಡಿಪೆಂದು ತಿಳಿದು, ವಿಭೂತಿ ಹಚ್ಚಿ ಕೈಮುಗಿದರು. ಒಳಗಿರುವುದು ಮೊಸರೆಂದು ನಾನು ಹೇಳಿದೆ. ಆಕೆ ವಿಚಲಿತರಾಗಲಿಲ್ಲ.

"ಇರ್ಲಿ ಬಿಡ್ರಿ ಅಕ್ಕಾರೆ. ಮಗನ ಲಗ್ನಕ್ಕೆ ಬೇಡ್ಕೊಂಡಾಗೈತೆ. ಹೆಣ್ಣು ಸಿಗೋ ತಂಕ ಬಿಚ್ಚಬ್ಯಾಡ್ರಿ."

೨. ಹೊಳೆಯ ಮರಳು

ಓವನ್ ಇರಲಿಲ್ಲ. ದಪ್ಪ ಪಾತ್ರೆಯಲ್ಲಿ ಮರಳು ಕಾಯಿಸಿ, ಅದರ ಮೇಲೆ ಕೇಕಿನ ತಟ್ಟೆಯಿಟ್ಟು ಮುಚ್ಚಬೇಕು. ಹೊನ್ನಾಳಿಯ ತವರಿನಲ್ಲಿ ಹೊಳೆಯ ಮರಳನ್ನು ತೊಳೆದು, ಒಣಗಿಸಿ, ಚೀಲದಲ್ಲಿ ತಂದೆ. ಮನೆ ಕಟ್ಟಿಸುತ್ತಿದ್ದೀರಾ ಎಂದು ಬಸ್ಸಿನ ಕಂಡಕ್ಟರು ವಿಚಾರಿಸಿದರು. ಅಲ್ಲ, ಹಬ್ಬದ ಅಡುಗೆಗೆ ಎಂದೆ. ಅವರು ಚೀಲವನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿದರು. ಲಗೇಜಿನ ಚೀಟಿ ಹರಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಯಜಮಾನರತ್ತ ಬಾಗಿ ಮೆಲ್ಲಗೆ ಕೇಳಿದರು:

"ಯಾವಾಗಿಂದ ಹಿಂಗೈತೆ ಸಾರ್?"

೩. ಅತ್ತೆಯವರ ಪಾಲು

ತಳಕ್ಕೆ ಜಗಳೂರಿನ ನಾದಿನಿ ಕಳಿಸಿದ ಶೇಂಗಾದ ಪುಡಿ ಮತ್ತು ಕೊಬ್ಬರಿ. ನಡುವೆ ನೆರೆಮನೆಯಾಕೆಯ ಕಣ್ತಪ್ಪಿಸಿ ಗಂಟು ಬಿಚ್ಚಿ ತೆಗೆದ ಮೊಸರು, ಕೆನೆ. ಮೇಲೆ ನ್ಯಾಮತಿಯ ನೇರಳೆ ಹಣ್ಣಿನ ತಿರುಳು. ಆ ಬಣ್ಣ ಈಗಲೂ ನನ್ನ ಕಣ್ಣಿನಲ್ಲಿದೆ. ಡಾಕ್ಟರನ್ನೂ ಊಟಕ್ಕೆ ಕರೆದಿದ್ದೆವು. ಎಲ್ಲರ ಎಲೆಗೆ ಹೋಳಿಗೆ, ಅತ್ತೆಯವರ ಎಲೆಗೆ ಕೇಕು. ಅವರು ಬಂದು ಕೂತರು. ತುಂಡನ್ನು ಪೂರ್ತಿ ತಿಂದು, ಬೆರಳು ಚೀಪಿ, ಚಲೋ ಆಗೈತೆ ಎಂದರು. ಮದುವೆಯಾದ ಮೇಲೆ ಅವರಿಂದ ನನಗೆ ದೊರೆತ ಮೊದಲ ಮೆಚ್ಚುಗೆ ಅದು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಬಳಿಕ ಅವರು ಡಾಕ್ಟರತ್ತ ತಿರುಗಿ, ಇದರಲ್ಲಿ ಸಕ್ಕರೆ ಇಲ್ಲವಷ್ಟೆ ಎಂದು ಕೇಳಿದರು. ಒಂದು ಹರಳೂ ಇಲ್ಲವೆಂದು ಡಾಕ್ಟರು ಸಂತೋಷದಿಂದ ಭರವಸೆಯಿತ್ತರು.

"ಹಂಗಾರೆ ಇವತ್ತಿನ ನನ್ನ ಪಾಲಿನ ಸಕ್ಕರೆ ಹಂಗೇ ಉಳದೈತೆ," ಎಂದು ಅತ್ತೆಯವರು ಎಲೆಯನ್ನು ನನ್ನ ಕಡೆಗೆ ಸರಿಸಿದರು. "ಎರಡು ಹೋಳಿಗೆ ಹಾಕವ್ವ."