ಕಿರುಬಾಯಿ ಕುಕ್ಕರಿನ ಡೋಲ್ಮಾ

ಪ್ರೆಶರ್ ಕುಕ್ಕರ್ ಮಾರಿದರೆ ವ್ಯಾಪಾರ ಅಲ್ಲಿಗೆ ಮುಗಿಯಿತು ಎನ್ನುವವರು ಯಾವತ್ತೂ ಕುಕ್ಕರ್ ಮಾರಿದವರಲ್ಲ. ಅಕ್ಕಿ ಮಾರಿದರೆ ಅಕ್ಕಿ ಮುಗಿಯುತ್ತದೆ, ಗಿರಾಕಿ ಮತ್ತೆ ಬರುತ್ತಾನೆ, ಅಷ್ಟೆ. ಕುಕ್ಕರ್ ಹಾಗಲ್ಲ. ಅದು ಯಾರದೋ ಮನೆಗೆ ಹೋಗಿ ಕೂಗುತ್ತದೆ, ಕೂಗಿದ್ದು ನನ್ನ ಅಂಗಡಿಯ ತನಕ ಕೇಳಿಸುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಹೀಥ್ರೋ ವಿಮಾನ ನಿಲ್ದಾಣದ ಕಡೆಯ ಹ್ಯಾರೋದಲ್ಲಿ ದಿನಸಿ ಅಂಗಡಿ ಇಟ್ಟಿದ್ದಾಗ ಇಂಥದ್ದೊಂದು ನಡೆಯದ ವಾರವೇ ಇರಲಿಲ್ಲ.

ನಾವು ಮಂಗಳೂರು ಕಡೆಯವರು. ಪಾರ್ಕ್ ರಾಯಲ್‌ನ ಗೋದಾಮುಗಳಿಂದ ಸಾಮಾನು ತರುವುದು ನನ್ನ ಗಂಡನ ಕೆಲಸ, ಕೌಂಟರಿನಲ್ಲಿ ಕೂತು ಮಾರುವುದು ನನ್ನದು. ಮಾತು ಅವರದ್ದು ಹೆಚ್ಚು, ಮಾರಾಟ ನನ್ನದು ಹೆಚ್ಚು.

ಫೋನಿನಲ್ಲಿ ಬೆಂದ ಬೇಳೆ

ಮದುವೆಯಾಗಿ ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು ನಮ್ಮಲ್ಲಿ ಕುಕ್ಕರ್ ಕೊಂಡು ಪಿನ್ನರ್‌ನ ಮನೆಗೆ ಒಯ್ದಳು. ಮರುದಿನ ಅಂಗಡಿಗೆ ಫೋನ್.

"ಆಂಟಿ, ನಿನ್ನೆ ಕುಕ್ಕರ್ ತಗೊಂಡ್ನಲ್ಲ, ನಾನೇ. ಸ್ವಲ್ಪ ಇದನ್ನ ಕೇಳಿಸ್ಕೊಳ್ಳಿ."

ರಿಸೀವರನ್ನು ಒಲೆಯ ಹತ್ತಿರ ಹಿಡಿದಳೆಂದು ಕಾಣುತ್ತದೆ. ಬುಸ್ ಬುಸ್ ಎಂದಿತು.

"ಇದು ವಿಸಿಲ್ಲಾ ಆಂಟಿ?"

"ಅಲ್ಲ ಮಗಳೇ, ಅದು ಬರೀ ಉಸಿರು. ವಿಸಿಲ್ ಬಂದರೆ ನೀನು ಕೇಳಬೇಕಾಗಿಲ್ಲ, ಪಕ್ಕದ ಮನೆಯವನೇ ಬಂದು ಹೇಳುತ್ತಾನೆ."

"ಫೋನ್ ಇಡಬೇಡಿ ಆಂಟಿ, ಪ್ಲೀಸ್. ನಂಗೆ ಭಯ ಆಗತ್ತೆ."

ಅಡುಗೆಮನೆಯಲ್ಲಿ ಒಬ್ಬಳೇ ನಿಂತ ಮಗುವಿನ ದನಿ. ಇಡಲು ಮನಸ್ಸು ಬರಲಿಲ್ಲ. ಅವಳ ಬೇಳೆ ಬೇಯುವ ತನಕ ಫೋನ್ ಕಿವಿಗಿಟ್ಟುಕೊಂಡೇ ಗಿರಾಕಿಗಳಿಗೆ ಕೊತ್ತಂಬರಿ ಸೊಪ್ಪು ತೂಗಿಕೊಟ್ಟೆ. ಕೊನೆಗೆ, "ಆಂಟಿ, ಬೆಣ್ಣೆ ಥರ ಬೆಂದಿದೆ!" ಎಂದು ಕಿರುಚಿದಳು. ಸಂತೋಷದಿಂದ ಫೋನ್ ಇಟ್ಟೆ. ಆಮೇಲೆ ಮೂಗಿಗೆ ವಾಸನೆ ಬಂತು. ಅಂಗಡಿಯ ಮೇಲಿನ ಫ್ಲ್ಯಾಟಿನಲ್ಲಿ ನನ್ನ ಸ್ವಂತ ಬೇಳೆ ಇದ್ದಿಲಾಗಿತ್ತು.

ಎಷ್ಟು ಕೂಗಬೇಕು?

ಇನ್ನೊಂದು ದಿನ ಒಬ್ಬ ಬ್ರಹ್ಮಚಾರಿ ಇಂಜಿನಿಯರ್ ಕುಕ್ಕರ್ ಕೈಯಲ್ಲಿ ಹಿಡಿದು, "ಕಡಲೆಗೆ ಎಷ್ಟು ವಿಸಿಲ್ ಬೇಕು?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಹಿಂದೆ ನಿಂತಿದ್ದ ಮೈಸೂರಿನ ಹೆಂಗಸು, "ನಾಲ್ಕು ಕೂಗು ಕೂಗ್ಸಿ ಸಾಕು" ಎಂದರು.

"ನಾಲ್ಕಕ್ಕ ಏನ್ ಬೇಯ್ತದರೀ? ಎಂಟು ಸೀಟಿ ಹೊಡಸ್ರಿ," ಎಂದರು ಪಕ್ಕದಲ್ಲಿದ್ದ ಧಾರವಾಡದವರು.

"ಎಂಟಾದ್ರೆ ಪಾಯಸ ಆಗತ್ತೆ."

"ಪಾಯಸಾನೂ ಛಲೋನ ಇರ್ತದ ಬಿಡ್ರಿ."

ಅಷ್ಟರಲ್ಲಿ ನನ್ನ ಗಂಡ ಮೂಟೆ ಇಳಿಸಿ ಒಳಗೆ ಬಂದವರು, "ಅದೆಲ್ಲ ಇರಲಿ ಮಾರಾಯ, ಕಡಲೆ ರಾತ್ರಿಯೇ ನೆನೆಸಿದ್ದೀಯಾ?" ಎಂದರು. ಹುಡುಗನ ಮುಖ ಸಣ್ಣದಾಯಿತು. ಕುಕ್ಕರನ್ನು ಕಪಾಟಿನಲ್ಲಿಟ್ಟು, ಬೇಯಿಸಿದ ಕಡಲೆಯ ಡಬ್ಬ ತೆಗೆದುಕೊಂಡು ಹೋದ. ಸಲಹೆ ಕೊಡುವ ಗಿರಾಕಿಗಳನ್ನು ಕೌಂಟರಿನಿಂದ ದೂರ ನಿಲ್ಲಿಸಬೇಕೆಂದು ಅವತ್ತೇ ಕಲಿತೆ. ಗಂಡನನ್ನು ಎಲ್ಲಿ ನಿಲ್ಲಿಸುವುದೆಂದು ಇವತ್ತಿಗೂ ತಿಳಿದಿಲ್ಲ.

ಹೊಟ್ಟೆ ನೋಡಿ ಕೊಂಡದ್ದು

ಬೀದಿಯ ಕೊನೆಯ ಡ್ರೈಕ್ಲೀನರ್ ಅಂಗಡಿಯ ಮೇಲಿನ ಫ್ಲ್ಯಾಟಿನಲ್ಲಿ ಇರಾಕಿನ ಅಜ್ಜಿಯೊಬ್ಬರು ಒಬ್ಬರೇ ಇದ್ದರು. ಅಸ್ಸಿರಿಯನ್ ಜನ, ನಮ್ಮ ಹಾಗೆಯೇ ಕ್ರೈಸ್ತರು. ತಮ್ಮನ್ನು ಅರಬ್ಬರು ಅಂದರೆ ಸಿಟ್ಟಾಗುತ್ತಿದ್ದರು. ಅಕ್ಕಿ ಕೊಳ್ಳುವ ಮೊದಲು ಒಂದು ಕಾಳನ್ನು ಮುಂಬಲ್ಲಿನಲ್ಲಿ ಕಚ್ಚಿ ನೋಡುವ ಗಿರಾಕಿ. ಅಂಥವರ ಹತ್ತಿರ ನಾನು ಹಳೆ ಅಕ್ಕಿ, ಹೊಸ ಅಕ್ಕಿ ಎಂದು ಆಟ ಆಡುವುದಿಲ್ಲ.

ಒಂದು ಸೋಮವಾರ ಬಂದವರು ಶೋಕೇಸಿನಲ್ಲಿದ್ದ ಕುಕ್ಕರ್‌ಗಳ ಕಡೆ ಬೆರಳು ತೋರಿಸಿದರು. "ಮಗಳೇ, ಇದರಲ್ಲಿ ಡೋಲ್ಮಾ ಆಗುತ್ತದಾ?"

ಡೋಲ್ಮಾ ಏನೆಂದು ಕೌಂಟರಿನ ಮೇಲೆಯೇ ಕೈಯಾಡಿಸಿ ತೋರಿಸಿದರು. ಅಕ್ಕಿಗೆ ಕೊಚ್ಚಿದ ಕುರಿಮಾಂಸ ಕಲಸಿ ದ್ರಾಕ್ಷಿ ಎಲೆಯಲ್ಲಿ ಸುತ್ತಬೇಕು. ಪಾತ್ರೆಯ ತಳಕ್ಕೆ ಎಲುಬಿನ ಮಾಂಸ ಹಾಸಿ, ಮೇಲೆ ಸುರುಳಿಗಳನ್ನು ಒತ್ತೊತ್ತಾಗಿ ಜೋಡಿಸಿ, ಹುಳಿರಸ ಹೊಯ್ದು ಬೇಯಿಸಬೇಕು. ಬೆಂದ ಮೇಲೆ ಎಲ್ಲರ ಕಣ್ಣೆದುರು ಪಾತ್ರೆಯನ್ನು ದೊಡ್ಡ ಹರಿವಾಣಕ್ಕೆ ಬೋರಲು ಹಾಕಬೇಕು. ತಳದ ಮಾಂಸ ಮೇಲೆ ಬಂದು ಕಿರೀಟದ ಹಾಗೆ ಕೂರಬೇಕು.

"ಹೋ, ನಮ್ಮ ಕೆಸುವಿನೆಲೆ ಪತ್ರೊಡೆಯ ಸೋದರಮಾವ!" ಎಂದರು ನನ್ನ ಗಂಡ.

ಭಾನುವಾರ ಅಜ್ಜಿಯ ಅಣ್ಣ ಬರುವವರಿದ್ದರು. ಇರಾಕಿನ ರೈಲ್ವೆಯಲ್ಲಿ ಇಂಜಿನ್ ಓಡಿಸಿ ಮುದುಕರಾದವರು. ತಂಗಿಯ ಮುಖ ನೋಡಿ ಎಷ್ಟೋ ಕಾಲವಾಗಿತ್ತು. ಈಗ ಸ್ವೀಡನ್‌ನಲ್ಲಿದ್ದ ಮಗನ ಮನೆಗೆ ಹೊರಟವರು, ದಾರಿಯಲ್ಲಿ ಇಲ್ಲಿ ಇಳಿದು ಹೋಗುವುದೆಂದು ಮಾತಾಗಿತ್ತು.

"ಅವನ ಹಲ್ಲೆಲ್ಲ ಹೋಗಿದೆ," ಎಂದರು ಅಜ್ಜಿ. "ಮಾಂಸ ಮೆತ್ತಗಾಗಬೇಕು. ಈ ಕರೆಂಟಿನ ಒಲೆಯಲ್ಲಿ ಮಾಂಸ ಬೇಯುವಷ್ಟರಲ್ಲಿ ಎಲೆ ಹರಿದುಹೋಗುತ್ತದೆ. ಅಮ್ಮ ಮಾಡಿದ ಹಾಗೆ ಮಾಡಿ ಹಾಕಿದರೆ ಅವನು ಹೋಗುವುದಿಲ್ಲ ಮಗಳೇ. ಇಲ್ಲೇ ಇರುತ್ತಾನೆ. ನನ್ನ ಮನೆಯಲ್ಲಿ ಎರಡು ಕುರ್ಚಿ ಇದೆ, ಒಂದರಲ್ಲಿ ಯಾರೂ ಕೂರುವುದಿಲ್ಲ."

ನಾನು ಕಣ್ಣು ಒರೆಸಿಕೊಳ್ಳುವ ಜಾತಿಯವಳಲ್ಲ. ನೇರ ಬಾಯಿಯ, ಹೊರಮುಚ್ಚಳದ ಕುಕ್ಕರ್ ತೆಗೆದು ಮುಂದಿಟ್ಟೆ. "ಬೋರಲು ಹಾಕಬೇಕಾದರೆ ಇದೇ ಬೇಕು." ಅಜ್ಜಿ ಅದನ್ನು ಪಕ್ಕಕ್ಕೆ ಸರಿಸಿ, ಬಾಯಿ ಕಿರಿದಾಗಿ ಮುಚ್ಚಳ ಒಳಗೆ ಕೂರುವ ದಪ್ಪ ಹೊಟ್ಟೆಯ ಕುಕ್ಕರನ್ನು ತಬ್ಬಿಕೊಂಡರು.

"ಅದರ ಬಾಯಿ ಸಣ್ಣದು, ಅಜ್ಜೀ."

"ಹೊಟ್ಟೆ ನೋಡು, ನಮ್ಮಣ್ಣನದೇ ಹೊಟ್ಟೆ!"

ಗಿರಾಕಿಗೆ ಎರಡು ಸಲ ಹೇಳಬಹುದು. ಮೂರನೆಯ ಸಲ ಹೇಳುವವನು ಅಂಗಡಿ ಇಡಬಾರದು. ಪ್ಯಾಕ್ ಮಾಡಿಕೊಟ್ಟೆ.

ಅಮ್ಮನ ಕಲ್ಲು

ಗುರುವಾರ ಪ್ರಯೋಗ. ಅಜ್ಜಿ ಚಪ್ಪಲಿಯಿಲ್ಲದೆ, ಬರೀ ಕಾಲುಚೀಲದಲ್ಲಿ ಅಂಗಡಿಗೆ ಓಡಿ ಬಂದರು. "ಮಗಳೇ, ಬೇಗ ಬಾ! ಅದು ನಿನ್ನನ್ನೇ ಕರೆಯುತ್ತಿದೆ!"

ಗಂಡನನ್ನು ಕೌಂಟರಿನಲ್ಲಿ ಕೂರಿಸಿ ಓಡಿದೆ. ಫ್ಲ್ಯಾಟಿನ ಬಾಗಿಲು ತೆಗೆದರೆ ಕುಕ್ಕರ್ ಕೂಗುತ್ತಿರಲಿಲ್ಲ. ಒಳ್ಳೆಯದಾಯಿತು ಅಂದುಕೊಂಡೆ. ಹತ್ತಿರ ಹೋಗಿ ನೋಡಿದೆ. ವಿಸಿಲ್‌ನ ನೆತ್ತಿಯ ಮೇಲೆ ಚಪ್ಪಟೆ ಕಲ್ಲೊಂದು ಕೂತಿತ್ತು! ಮೊದಲು ಒಲೆ ಆರಿಸಿ, ಅಜ್ಜಿಯನ್ನು ಮೆಟ್ಟಿಲಿಗೆ ಎಳೆದುಕೊಂಡು ಹೋಗಿ ಕೂರಿಸಿದೆ. ಪಾತ್ರೆ ತಣ್ಣಗಾಗುವ ತನಕ ಇಬ್ಬರೂ ಅಲ್ಲೇ ಕೂತೆವು.

"ಕಲ್ಲು ಯಾಕೆ ಇಟ್ಟಿರಿ?"

"ಅದು ಕೂಗಿದಾಗಲೇ ಕಲ್ಲಿಟ್ಟಿಲ್ಲವೆಂದು ನೆನಪಾಯಿತು, ಇಟ್ಟು ಓಡಿ ಬಂದೆ. ಡೋಲ್ಮಾದ ಮೇಲೆ ಕಲ್ಲಿಡಬೇಕು. ಇಲ್ಲದಿದ್ದರೆ ಸುರುಳಿ ಬಿಚ್ಚಿಹೋಗುತ್ತದೆ. ಅಮ್ಮನೂ ಇಡುತ್ತಿದ್ದಳು. ಇದು ಅಮ್ಮನದೇ ಕಲ್ಲು."

ಊರು ಬಿಡುವಾಗ ಬಟ್ಟೆ ಬಿಟ್ಟು ಬಂದಿದ್ದರು, ಪಾತ್ರೆ ಬಿಟ್ಟು ಬಂದಿದ್ದರು, ಈ ಕಲ್ಲನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಹೀಥ್ರೋದಲ್ಲಿ ಅಧಿಕಾರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಇದೇನು ಎಂದು ಕೇಳಿದನಂತೆ. ಇವರು, "ಅಡುಗೆ ಸಾಮಾನು" ಎಂದರಂತೆ.

"ಕಲ್ಲು ಒಳಗಿರಲಿ ಅಜ್ಜೀ, ಸುರುಳಿಗಳ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ. ಹೊರಗಿಟ್ಟರೆ ಡೋಲ್ಮಾ ಕೆಳಗಿನ ಡ್ರೈಕ್ಲೀನರ್‌ನವನ ಕೋಟುಗಳ ಮೇಲೆ ಹೋಗಿ ಕೂರುತ್ತದೆ. ಮತ್ತೆ, ಪಾತ್ರೆ ಪೂರ್ತಿ ತುಂಬಬೇಡಿ."

ಆವತ್ತಿನದು ಬೆಂದು ಮುದ್ದೆಯಾಗಿತ್ತು. ಅಜ್ಜಿಯ ಮುಖ ನೋಡಲಾಗದೆ ಒಂದು ಡಬ್ಬ ಗಂಡನಿಗೆ ತಂದೆ. ಅವರು ಚಮಚದಲ್ಲಿ ಎತ್ತಿ ಎತ್ತಿ ತಿಂದು, "ಗಂಜಿ ಬಹಳ ಚೆನ್ನಾಗಿದೆ ಮಾರಾಯ್ತಿ, ಮಾವಿನ ಉಪ್ಪಿನಕಾಯಿ ಎಲ್ಲಿಟ್ಟಿದ್ದೀ?" ಎಂದರು.

ಬೋರಲು

ಭಾನುವಾರ ನಮಗೂ ಊಟಕ್ಕೆ ಕರೆ. ಹೋದರೆ ಅಣ್ಣ ಎರಡನೆಯ ಕುರ್ಚಿಯಲ್ಲಿ ಕೋಟು ಕೂಡ ಬಿಚ್ಚದೆ ಕೂತಿದ್ದರು. ಪೆಟ್ಟಿಗೆ ಬಾಗಿಲ ಹತ್ತಿರವೇ ಇತ್ತು. ತಂಗಿ ಮಾತಾಡಿಸಿದರೆ ಹೂಂ, ಮತ್ತೆ ಮಾತಾಡಿಸಿದರೆ ಸ್ವೀಡನ್. ಅಷ್ಟೇ ಮಾತು.

ಕುಕ್ಕರ್ ಕೂಗಿತು. ಮುದುಕರ ತಲೆ ಥಟ್ಟನೆ ಎದ್ದಿತು. ಕೈ ತಾನಾಗಿ ಕೋಟಿನ ಜೇಬಿನ ಗಡಿಯಾರಕ್ಕೆ ಹೋಯಿತು.

"ರೈಲು ಬಂತು ಅಂದುಕೊಂಡರೋ ಏನೋ," ಎಂದು ಗಂಡ ನನ್ನ ಕಿವಿಯಲ್ಲಿ ಹೇಳಿದರು. ನಾನು ಕಣ್ಣು ಬಿಟ್ಟು ನೋಡಿದೆ.

ಈ ಸಲ ಹದ ಸರಿಯಾಗಿತ್ತು, ಪರಿಮಳವೇ ಹೇಳುತ್ತಿತ್ತು. ಆದರೆ ಮುಚ್ಚಳ ತೆಗೆದಾಗ ಗೊತ್ತಾಯಿತು. ಅಣ್ಣನಿಗೆ ಕಡಿಮೆಯಾದೀತೆಂದು ಅಜ್ಜಿ ಕಂಠದ ತನಕ ತುಂಬಿಬಿಟ್ಟಿದ್ದರು. ಅಜ್ಜಿ ಕಲ್ಲನ್ನು ತೆಗೆದು, ಮುತ್ತಿಟ್ಟು, ಪಕ್ಕಕ್ಕಿಟ್ಟರು. ಹರಿವಾಣ ಮುಚ್ಚಿದರು, ಶಿಲುಬೆಯ ಗುರುತು ಮಾಡಿಕೊಂಡರು, ಬೋರಲು ಹಾಕಿದರು.

ಎತ್ತಿದರು. ಹರಿವಾಣದಲ್ಲಿ ಬರೀ ರಸ. ಡೋಲ್ಮಾ ಒಂದೂ ಇಲ್ಲ.

ಅಲುಗಾಡಿಸಿದರು. ತಳಕ್ಕೆ ಬಡಿದರು. ಏನೂ ಬೀಳಲಿಲ್ಲ. ಓರೆ ಮಾಡಿ ಒಳಗಿಳಿಸಿದ್ದ ತಟ್ಟೆಯನ್ನು ಉಬ್ಬಿದ ಅಕ್ಕಿ ಮೇಲಕ್ಕೆ ಒತ್ತಿ, ಅದು ಕಿರುಬಾಯಿಗೆ ಒಳಗಿನಿಂದ ಬಿರಡೆಯ ಹಾಗೆ ಕಚ್ಚಿಕೊಂಡಿತ್ತು. ಅಜ್ಜಿ ಕುಕ್ಕರನ್ನು ಬೋರಲಾಗಿಯೇ ಕೆಳಗಿಟ್ಟರು. ಬಾಗಿಲ ಹತ್ತಿರದ ಪೆಟ್ಟಿಗೆಯನ್ನೊಮ್ಮೆ, ರಸವಷ್ಟೇ ಇದ್ದ ಹರಿವಾಣವನ್ನೊಮ್ಮೆ ನೋಡಿದರು.

ಆಗ ಅಣ್ಣ ಎದ್ದರು. ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ತೋಳು ಮಡಚಿ ಕುಕ್ಕರನ್ನು ನೇರ ನಿಲ್ಲಿಸಿ, ಚಮಚದ ಹಿಡಿಯಿಂದ ತಟ್ಟೆಯ ಒಂದು ಅಂಚನ್ನು ಒತ್ತಿ, ಇನ್ನೊಂದು ಅಂಚು ಎದ್ದಾಗ ಎರಡು ಬೆರಳಲ್ಲಿ ಎಳೆದು ತೆಗೆದರು. ಬೋರಲು ಹಾಕುವ ಮಾತೇ ಎತ್ತಲಿಲ್ಲ. ಕುಕ್ಕರಿಗೇ ಕೈಹಾಕಿ ಒಂದು ಸುರುಳಿ ಬಾಯಿಗಿಟ್ಟು, ಹಲ್ಲಿಲ್ಲದ ಬಾಯಲ್ಲಿ ಮೆಲ್ಲಗೆ ಆಡಿಸಿದರು. ಆಮೇಲೆ ಶುರುವಾಯಿತು ನಗು. ಹೊಟ್ಟೆಯೆಲ್ಲ ಕುಲುಕಿ ಕಣ್ಣಲ್ಲಿ ನೀರು. ಒಂದು ತಂಗಿಯ ಬಾಯಿಗೆ, ಒಂದು ತನ್ನ ಬಾಯಿಗೆ. ಚಿಕ್ಕವರಿದ್ದಾಗ ಅಮ್ಮ ಬೋರಲು ಹಾಕುವ ಮೊದಲೇ ಇಬ್ಬರೂ ಹೀಗೆ ಪಾತ್ರೆಗೆ ಕೈಹಾಕಿ ಕದಿಯುತ್ತಿದ್ದರಂತೆ. ಎರಡು ಬಿಳಿ ತಲೆಗಳು ಕುಕ್ಕರಿನ ಮೇಲೆ ಡಿಕ್ಕಿ ಹೊಡೆಯುತ್ತಿದ್ದವು.

"ಮಾರಾಯ್ತಿ," ಎಂದರು ನನ್ನ ಗಂಡ, ಖಾಲಿ ತಟ್ಟೆ ಹಿಡಿದು, "ನಮಗೇನಾದರೂ ಉಳಿಯುತ್ತದಾ?"

ಅಣ್ಣ ಕೈ ಒರೆಸಿಕೊಂಡು ತಮ್ಮ ಭಾಷೆಯಲ್ಲಿ ಏನೋ ಅಂದರು. ಅಜ್ಜಿ ಸೆರಗಿಲ್ಲದ ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಳ್ಳುತ್ತ ನಮಗೆ ತಿಳಿಸಿ ಹೇಳಿದರು: "ಇಂಥ ದಡ್ಡಿಯನ್ನು ಒಬ್ಬಳನ್ನೇ ಬಿಟ್ಟು ಹೇಗೆ ಹೋಗಲಿ ಅನ್ನುತ್ತಾನೆ."

ಪೆಟ್ಟಿಗೆ ಬಾಗಿಲಿನಿಂದ ಮಂಚದ ಕೆಳಗೆ ಹೋಯಿತು. ಸ್ವೀಡನ್‌ನಿಂದ ಮಗನೇ ಬಂದು ನೋಡಿಕೊಂಡು ಹೋಗಲಿ ಎಂದು ತೀರ್ಮಾನವಾಯಿತು.

ಮಂಗಳವಾರ ಅಣ್ಣ ತಂಗಿ ಇಬ್ಬರೂ ಅಕ್ಕಿಗೆ ಬಂದರು. ಅಣ್ಣನೂ ಒಂದು ಕಾಳು ತೆಗೆದು, ಕಚ್ಚಲಾಗದೆ, ತಂಗಿಯ ಬಾಯಿಗಿಟ್ಟು ಪರೀಕ್ಷಿಸಿದರು. ಸಂದರ್ಭ ಬಿಡಬಾರದೆಂದು ನಾನು ನೇರ ಬಾಯಿಯ ಕುಕ್ಕರನ್ನು ಮತ್ತೆ ಕೌಂಟರಿಗೆ ತಂದೆ. "ಹಳೆಯದನ್ನು ನಾನೇ ವಾಪಸ್ ತೆಗೆದುಕೊಳ್ಳುತ್ತೇನೆ, ಅಜ್ಜೀ. ಇದರಲ್ಲಿ ಒಂದೇ ಸಲಕ್ಕೆ ಬೀಳುತ್ತದೆ, ಕಿರೀಟದ ಸಮೇತ."

ಅಜ್ಜಿ ಗಾಬರಿಯಿಂದ ಅಣ್ಣನ ಕಡೆ ನೋಡಿ, ಕುಕ್ಕರನ್ನು ಎರಡೂ ಕೈಯಲ್ಲಿ ನನ್ನ ಕಡೆಗೇ ತಳ್ಳಿದರು.

"ಬೇಡ ಮಗಳೇ, ಒಳಗಿಡು, ಬೇಗ ಒಳಗಿಡು! ಸರಿಯಾಗಿ ಬಿದ್ದುಬಿಟ್ಟರೆ ಇವನು ಸ್ವೀಡನ್‌ಗೆ ಹೊರಟುಬಿಡುತ್ತಾನೆ!"