ನಾಲ್ಕು ಲೋಡು, ದಿನವಿಡೀ

ಲೆಕ್ಕದಲ್ಲಿ ನಾನು ತಪ್ಪುವುದಿಲ್ಲ. ಇದನ್ನು ಜಂಬವೆಂದು ತಿಳಿಯಬೇಡಿ. ಗೋಕಾಕಿನ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ಇಷ್ಟಾದರೂ ಧೈರ್ಯ ಬೇಡವೇ? ಉತ್ತರ ಸರಿಯಿದ್ದರೂ ಅದರ ಮುಂದೆ ಯೂನಿಟ್ ಬರೆಯದಿದ್ದರೆ ನಾನು ಅರ್ಧ ಮಾರ್ಕು ಕತ್ತರಿಸುತ್ತೇನೆ. "ಐದು ಅಂದರೆ ಏನು? ಐದು ವ್ಯಾಟೋ, ಐದು ಬದನೇಕಾಯೋ?" ಎಂದು ಕೇಳುತ್ತೇನೆ. ಬದನೇಕಾಯಿಗೆ ಮಕ್ಕಳು ಪ್ರತಿ ವರ್ಷವೂ ನಗುತ್ತಾರೆ. ಪ್ರತಿ ವರ್ಷ ಮಕ್ಕಳು ಬೇರೆಯಾಗಿರುವುದರಿಂದ ನನಗೆ ಹೊಸ ಜೋಕು ಹುಡುಕುವ ಪ್ರಸಂಗ ಬಂದಿಲ್ಲ. ನನ್ನ ಹೆಂಡತಿ ಮಾತ್ರ ಈ ಅರ್ಧ ಮಾರ್ಕಿನ ಸುದ್ದಿಯನ್ನು ತವರಿನವರೆಗೂ ಮುಟ್ಟಿಸಿದ್ದಾಳೆ.

ತವರೆಂದರೆ ಬೆಲ್ಲದ ಬಾಗೇವಾಡಿ. ಅಲ್ಲಿ ಅವಳ ಚಿಕ್ಕಪ್ಪ, ಚಿಕ್ಕಮ್ಮ ಇದ್ದಾರೆ, ನಮ್ಮ ಕಡೆಯ ಮಾತಿನಲ್ಲಿ ಕಾಕಾ, ಕಾಕೂ. ಕಬ್ಬು ಬೆಳೆಯುವ ಜೈನ ಮನೆತನ. ಕಾಕೂಗೆ ಸೊಲ್ಲಾಪುರದಲ್ಲಿ ಒಬ್ಬ ಅಕ್ಕ. ಆ ಅಕ್ಕನನ್ನು ನೋಡದೆ ಒಂಬತ್ತು ವರ್ಷವಾಗಿತ್ತು. ಜಗಳವೇನೂ ಇಲ್ಲ. ಕಾಕೂ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಸೋಸದ ನೀರು ಕುಡಿಯುವುದಿಲ್ಲ, ಹೋಟೆಲಿನ ಮೆಟ್ಟಿಲು ಹತ್ತುವುದಿಲ್ಲ. ಸಾಲದ್ದಕ್ಕೆ ಬೆನ್ನು ನೋವು. ಒಂದು ತಾಸು ಕೂತರೆ ಎರಡು ತಾಸು ಅಡ್ಡಾಗಬೇಕು. ಯಾವ ಬಸ್ಸಿನ ಕಂಡಕ್ಟರ್ ಇದಕ್ಕೆಲ್ಲ ಒಪ್ಪಿಯಾನು? ಹೀಗಿರುವಾಗ ಅಕ್ಕನಿಂದ ಕಾಗದ ಬಂತು. "ಕಣ್ಣು ಮಂಜಾಗಾಕತ್ತಾವು. ಪೂರಾ ಹೋಗೂದರಾಗ ಒಮ್ಮೆ ಬಂದ್ರ ನಿನ್ನ ಮಾರಿ ನೋಡೇನು." ಕಾಕೂ ಕಾಗದವನ್ನು ಮಡಿಚಿ ಸೆರಗಿನಲ್ಲಿ ಕಟ್ಟಿಕೊಂಡರು, ಎರಡು ದಿನ ಅದನ್ನೇ ಬಿಚ್ಚಿ ಬಿಚ್ಚಿ ಓದಿದರು.

ಮೂರನೆಯ ದಿನ ಕಾಕಾ ಒಂದು ಹಳೆಯ ಟೆಂಪೋ ಕೊಂಡುಬಿಟ್ಟರು. "ಆಕಿ ಮನಿ ಬಿಟ್ಟು ಬರಂಗಿಲ್ಲಂದ್ರ, ಮನೀಗೇ ಗಾಲಿ ಹಚ್ಚೋಣು" ಎಂದರು. ಗಾಡಿ ಮೂಡಲಗಿಯ ದಸ್ತಗೀರ ಮಿಸ್ತ್ರಿಯ ಕೈಗೆ ಹೋಯಿತು. ಕಬ್ಬಿನ ಟ್ರಾಲಿ ಕಟ್ಟುವ ಮಿಸ್ತ್ರಿ ಅದರೊಳಗೆ ಮಂಚ, ಅಡುಗೆ ಕಟ್ಟೆ, ನೀರಿನ ಟಾಕಿ ಎಲ್ಲ ಮಾಡಿ ಕೂರಿಸಿದ. ಉಳಿದದ್ದು ದೀಪ, ಫ್ಯಾನಿಗೆ ಕರೆಂಟು. ಅದಕ್ಕೆ ಸೋಲಾರ್ ಪ್ಲೇಟು ಹಾಕಿಸುವುದೆಂದು ಕಾಕಾ ಹುಕ್ಕೇರಿಯ ಅಂಗಡಿಗೆ ಹೋದರು. ಅಂಗಡಿಯವನು ಕೇಳಿದ, "ಲೋಡ್ ಎಷ್ಟ ಐತ್ರಿ ಕಾಕಾ?" ಕಾಕಾ ಗತ್ತಿನಿಂದ ಹೇಳಿದರು, "ಫ್ಯಾಕ್ಟರಿಗೆ ಹೋಗೂವಾಗ ಒಂದ್ ಟ್ರಾಲಿಗೆ ಹತ್ತ ಟನ್ ಹೇರತೇವ್ರಿ." ಅವನು ಕೈಮುಗಿದು, ಯಾರಾದರೂ ತಿಳಿದವರನ್ನು ಕರೆತನ್ನಿ ಎಂದನಂತೆ.

ತಿಳಿದವನು ಎಂದರೆ ನಾನೇ. ಕರೆಂಟಿನ ಲೋಡು ಕೇಳಿದರೆ ಕಬ್ಬಿನ ಲೋಡು ಹೇಳಿದ ಕಾಕಾರ ಹತ್ತು ಟನ್ನಿನ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಒಂದು ವಾರ ಹೇಳಿಕೊಂಡು ನಕ್ಕೆ. ಆಮೇಲೆ ಕೆಲಸಕ್ಕೆ ಕೂತೆ. ಒಂದು ಹಾಳೆಗೆ ಸ್ಕೇಲಿನಿಂದ ಗೆರೆ ಎಳೆದು, ಮೇಲೆ 'ಗಾಡಿಯೊಳಗಿನ ಲೋಡ್' ಎಂದು ಬರೆದು, ಕೆಳಗೆ ಮೂರು ಕಾಲಂ ಮಾಡಿದೆ: ಸಾಮಾನು, ಎಷ್ಟು, ದಿನಕ್ಕೆ ಎಷ್ಟು ತಾಸು. ಹೆಂಡತಿಯ ಕೈಯಲ್ಲಿ ಕಾಕೂಗೆ ಕಳಿಸಿದೆ. ಮುತ್ತಿನಂಥ ಅಕ್ಷರದಲ್ಲಿ ತುಂಬಿ ಕಳಿಸಿದರು. ಟ್ಯೂಬ್ ಲೈಟು ಎರಡು, ಎರಡು ತಾಸು. ಸಣ್ಣ ಫ್ಯಾನು ಒಂದು, ಎಂಟು ತಾಸು. ಭಜನೆ ಕೇಳಲು ಟೇಪ್ ರೆಕಾರ್ಡರ್ ಒಂದು, ಒಂದು ತಾಸು. ಕೊನೆಯ ಸಾಲಿನಲ್ಲಿ: ಲೋಡು ನಾಲ್ಕು, ದಿನವಿಡೀ.

ದಿನವಿಡೀ ನಡೆಯುವುದೆಂದರೆ ಫ್ರಿಜ್ಜಿನಂಥದ್ದೇ ಇರಬೇಕು. ಇದ್ದವರ ಮನೆ, ಗಾಡಿಯೊಳಗೆ ಏನೇನು ಇಡುತ್ತಾರೋ, ಕೇಳಿದರೆ ಸಣ್ಣತನ ಎಂದುಕೊಂಡೆ. ಒಂದೊಂದಕ್ಕೆ ಅರವತ್ತು ವ್ಯಾಟ್ ಹಿಡಿದೆ. ನಾಲ್ಕರಿಂದ ಗುಣಿಸಿದೆ, ಇಪ್ಪತ್ತನಾಲ್ಕರಿಂದ ಗುಣಿಸಿದೆ, ತಾಳೆ ನೋಡಿದೆ. ಹದಿನಾರು ಪ್ಲೇಟು, ಹತ್ತು ಬ್ಯಾಟರಿ! ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ಸಹಿ ಮಾಡಿ ಮೂಡಲಗಿಗೆ ಕಳಿಸಿದೆ.

ಭಾನುವಾರ ಕರೆ ಬಂತೆಂದು ಹೋದರೆ ದಸ್ತಗೀರ ಮಿಸ್ತ್ರಿ ನನ್ನ ಹಾಳೆ ಹಿಡಿದು ನಿಂತಿದ್ದ. "ಸರ, ಟಾಪ್ ಮ್ಯಾಲ ನಾಕ ಪ್ಲೇಟ್ ಕುಂದರತಾವು. ಉಳಿದ ಹನ್ನೆರಡು ಹಿಂದ ಟ್ರಾಲಿ ಕಟಗೊಂಡ ಒಯ್ಯೂದೇನ್ರಿ? ಮತ್ತ ಹತ್ತ ಬ್ಯಾಟರಿ ಎಲ್ಲಿ ಇಡೂದು?"

"ಮಂಚ ತಗೀರಿ" ಎಂದೆ, ಕರಿಹಲಗೆಯ ಮೇಲಿನ ಒಂದು ಸಾಲು ಒರೆಸುವವನ ಹಾಗೆ.

ಕಾಕಾರೊಡನೆ ಗಾಡಿ ನೋಡಲು ಬಂದಿದ್ದ ಕಾಕೂ ಅದೇ ಮಂಚದ ಮೇಲೆ ಕೂತಿದ್ದರು. "ಮಂಚ ತಗದ್ರ ನಾ ಎಲ್ಲಿ ಅಡ್ಡಾಗ್ಲ್ರಿ ಮಾಸ್ತರ?"

"ಸೈನ್ಸ್ ಅದ, ಕಾಕೂ. ಏನೂ ಮಾಡಾಕ ಬರಂಗಿಲ್ಲ."

ಕಾಕೂ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡರು. "ಹೋಗ್ಲಿ ಬಿಡ್ರಿ. ಅಕ್ಕಗ ಕಾಗದ ಬರೀತೀನಿ, ನಾ ಬರಂಗಿಲ್ಲಂತ" ಎಂದರು. ಕಾಕಾ ಗಾಡಿಯ ಕಡೆ ಬೆನ್ನು ಮಾಡಿ, "ಮಿಸ್ತ್ರಿ, ಇದಕ್ಕ ಯಾವನರ ಗಿರಾಕಿ ನೋಡಪಾ" ಎಂದರು. ಕಾಕೂ ಕಣ್ಣಲ್ಲಿ ನೀರು ಬಂತು. ಲೆಕ್ಕ ಸರಿಯಿದ್ದೂ ಎದುರಿಗಿದ್ದವರು ಅಳುವುದು ನನಗೆ ಪರೀಕ್ಷೆಯ ದಿನ ಬಿಟ್ಟರೆ ರೂಢಿಯಿಲ್ಲ. ಹೇಗಾದರೂ ಒಂದಿಷ್ಟು ಕಡಿಮೆ ಮಾಡೋಣವೆಂದು ಹಾಳೆ ತೆಗೆದುಕೊಂಡೆ.

"ಕಾಕೂ, ಈ ನಾಕ ಲೋಡು ದಿನಾ ಪೂರ್ತಿ ಬೇಕ ಏನ್ರಿ? ಎರಡ ಬಂದ್ ಇಟ್ರ ನಡಿಯಂಗಿಲ್ಲೇನು?"

"ಬಂದ್ ಇಡೂದಂದ್ರ? ಬೆನ್ನಿಗೆ ಎರಡ, ಮಗ್ಗಲಕ್ಕ ಎರಡ. ಅವಿಲ್ಲದ ನಾ ಹ್ಯಾಂಗ ಕೂಡ್ಲಿ?"

"ಬೆನ್ನಿಗೆ?"

ಕಾಕೂ ಹಿಂದಕ್ಕೆ ಕೈ ಚಾಚಿ ತಟ್ಟಿದರು. ಬಿಳಿ ಗಲೀಪು ಹಾಕಿದ, ಹತ್ತಿ ತುಂಬಿದ, ದುಂಡನೆಯ ನಾಲ್ಕು ಒರಗು ದಿಂಬುಗಳು. "ಇವ ಅಲ್ರಿ ಲೋಡು! ಗಾದಿ-ಲೋಡು ಅಂತೀವಲ್ಲ!"

ಮಿಸ್ತ್ರಿಯ ಕೈಯಿಂದ ನಟ್ಟು ತಿರುವುವ ಪಾನಾ ಬಿತ್ತು. ಕಾಕಾ ನಿಧಾನವಾಗಿ ತಿರುಗಿ ನಿಂತರು. "ಮಾಸ್ತರ, ನಾ ಬರೇ ಟನ್ನಿನಾಗ ಹೇಳಿದ್ದೆ. ನೀವು ದಿಂಬಿಗೆ ಕರೆಂಟ್ ಕೊಟ್ರೆಲಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕೂ ಕಣ್ಣೊರೆಸಿಕೊಂಡೇ ನಕ್ಕರು. ನಾನು ಆ ಸಾಲು ಹೊಡೆದು ಹಾಕಿ ಮತ್ತೆ ಕೂಡಿಸಿದೆ. ಒಂದು ಪ್ಲೇಟು, ಒಂದು ಬ್ಯಾಟರಿ. ಬ್ಯಾಟರಿ ಮಂಚದ ಕೆಳಗೇ ಕೂತು ಇನ್ನೂ ಜಾಗ ಉಳಿಯಿತು.

ಮುಂದಿನ ವಾರವೇ ಹೊರಟರು. ಹದಿನೈದು ದಿನಕ್ಕೆ ತಿರುಗಿ ಬಂದ ಕಾಕೂ ಹೇಳಿದರು, "ಅಕ್ಕ ನನ್ನ ಅಂಗಳದಾಗ ಬಿಸಿಲಿಗೆ ನಿಲ್ಲಿಸಿ, ಎರಡೂ ಗಲ್ಲ ಹಿಡದು ನೋಡಿದ್ಲ್ರಿ. ಮುದುಕಿ ಆಗೀ ನೀ ಅಂದ್ಲು. ಕಾಣತೈತಲ್ಲ, ಅಷ್ಟ ಸಾಕು ಅಂದೆ."

ಆ ತಿಂಗಳು ಹೆಂಡತಿ ತವರಿನಿಂದ ಬರುವಾಗ ಕಾಕೂ ನನಗೊಂದು ಹೊಸ ಲೋಡು ಕಳಿಸಿದರು. ಅದಕ್ಕೆ ನನ್ನದೇ ಮಾದರಿಯ ಹಾಳೆಯನ್ನು ಪಿನ್ನಿನಿಂದ ಚುಚ್ಚಿದ್ದರು. ಸಾಮಾನು: ಲೋಡು. ಎಷ್ಟು: ಒಂದು. ದಿನಕ್ಕೆ ಎಷ್ಟು ತಾಸು: ಮಾಸ್ತರಗ ಬೇಕಾದಷ್ಟು. ನಾನು ಮರೆತಿದ್ದ ನಾಲ್ಕನೆಯ ಕಾಲಮ್ಮನ್ನು ಅವರೇ ಗೆರೆ ಎಳೆದು ಸೇರಿಸಿದ್ದರು. ಯೂನಿಟ್: ಹತ್ತಿ, ಮೂರು ಕಿಲೋ. ಕೆಳಗೆ ಸಣ್ಣದಾಗಿ, "ಅರ್ಧ ಮಾರ್ಕ್ ಕಡೀಬ್ಯಾಡ್ರಿ."

ಈಗ ಅದಕ್ಕೆ ಒರಗಿಕೊಂಡೇ ಉತ್ತರ ಪತ್ರಿಕೆ ತಿದ್ದುತ್ತೇನೆ. ಮೊನ್ನೆ ಒಬ್ಬಳು ಬರೀ 'ಐದು' ಎಂದು ಬರೆದಿದ್ದಳು. ಕೆಂಪು ಪೆನ್ನು ಎತ್ತಿದೆ. ಲೋಡು ಬೆನ್ನಿಗೆ ಮೆತ್ತಗೆ ಒತ್ತಿತು. ಇರಲಿ, ಐದು ಬದನೇಕಾಯಿಯೇ ಇರಬಹುದು ಎಂದುಕೊಂಡು ಪೂರ್ತಿ ಮಾರ್ಕು ಕೊಟ್ಟುಬಿಟ್ಟೆ.